ಕಬ್ಬು ಸಾಗಿಸುವ ಹಳೆಯ ಲಾರಿಗಳ ಹೆಡ್‌ಲೈಟು ಸುಧಾರಣೆ

ಕಟಾವಾದ ಕಬ್ಬನ್ನು ಆದಷ್ಟು ಮಟ್ಟಿಗೆ 24 ಗಂಟೆಗಳೊಳಗೆ ಅರೆಯಬೇಕು. ತಡವಾದಷ್ಟೂ ತೂಕ ಹಾಗೂ ಸಕ್ಕರೆ ಅಂಶ ಎರಡೂ ಇಳಿಯುತ್ತವೆ. ಆದ್ದರಿಂದ ಭಾಲ್ಕಿ ತಾಲೂಕಿನ ಮೆಹಕರ ಭಾಗದಲ್ಲಿ ಹಗಲು ಕಡಿದ ಕಬ್ಬು ರಾತ್ರಿಯೇ ಲಾರಿ ಏರಿ ಕಾರ್ಖಾನೆಯತ್ತ ಹೊರಡುವುದುಂಟು. ಲಾರಿ ಹಳೆಯದಾಗಿ ಅದರ ದೀಪ ಮಂಕಾಗಿದ್ದರೆ ದಾರಿಯಲ್ಲಿ ಕೆಟ್ಟು ನಿಂತ ಟ್ರಾಲಿಯಾಗಲಿ, ರಸ್ತೆ ದಾಟುವ ಎಮ್ಮೆಯಾಗಲಿ ತೀರ ಹತ್ತಿರಕ್ಕೆ ಬಂದ ಮೇಲೆಯೇ ಕಾಣುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಲಾರಿ ಒಂದು ಸೆಕೆಂಡಿಗೆ 11 ಮೀಟರು ಮುಂದೆ ಹೋಗುತ್ತದೆ. ಚಾಲಕನ ಕಾಲು ಬ್ರೇಕಿಗೆ ತಲುಪಲು ಅಷ್ಟು ಹೊತ್ತಾದರೂ ಬೇಕು.

ದೀಪ ಮಂಕೆಂದರೆ ದೊಡ್ಡ ಬಲ್ಬು ಹಾಕುವುದು ಸಾಮಾನ್ಯ ರೂಢಿ. ಇದು ತಪ್ಪು. ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ವಿದ್ಯುತ್ತು ಸ್ವಿಚ್ಚು, ಡಿಪ್ಪರ್, ಸವೆದ ವೈರು, ತುಕ್ಕು ಹಿಡಿದ ಜೋಡಣೆಗಳನ್ನು ಸುತ್ತಿ ಬಲ್ಬಿಗೆ ಬರುತ್ತದೆ. ದಾರಿಯಲ್ಲಿ ವೋಲ್ಟೇಜು ಸೋರಿಹೋಗುತ್ತದೆ. ಬಲ್ಬಿಗೆ ಶೇಕಡಾ 10ರಷ್ಟು ವೋಲ್ಟೇಜು ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ. 12 ವೋಲ್ಟಿನ ಗಾಡಿಯಲ್ಲಿ 55 ವ್ಯಾಟಿನ ಎರಡು ಬಲ್ಬುಗಳು 9 ಆಂಪಿಯರಿಗೆ ತುಸು ಹೆಚ್ಚು ಎಳೆಯುತ್ತವೆ. 90 ವ್ಯಾಟಿನವು 15 ಆಂಪಿಯರು. ಅದೇ ಸವೆದ ವೈರಿನಲ್ಲಿ ಇಷ್ಟು ಹರಿದರೆ ಸೋರಿಕೆ ಇನ್ನೂ ಹೆಚ್ಚುತ್ತದೆ, ಹೋಲ್ಡರು ಕರಗುತ್ತದೆ. ಒಣ ಸೋಗೆ ಹೇರಿದ ಗಾಡಿಯಲ್ಲಿ ಬೆಂಕಿಯೊಡನೆ ಆಟ ಬೇಡ.

ಮೊದಲು ಎಂಜಿನ್ ಚಾಲೂ ಇಟ್ಟು, ದೀಪ ಹಚ್ಚಿ, ಬ್ಯಾಟರಿಯಲ್ಲೂ ಬಲ್ಬಿನ ಹೋಲ್ಡರಿನಲ್ಲೂ ಮೀಟರಿನಿಂದ ಅಳೆಯಬೇಕು. ಅಂತರ ಒಂದು ವೋಲ್ಟು ಮೀರಿದ್ದರೆ ದೋಷ ವೈರಿಂಗಿನಲ್ಲಿದೆ. ದೀಪದ ಅರ್ಥಿಂಗ್ ವೈರನ್ನು ಬಿಚ್ಚಿ, ಅದು ಕೂಡುವ ಜಾಗದ ಬಣ್ಣ ಮತ್ತು ತುಕ್ಕನ್ನು ಉಜ್ಜಿ ಬಿಗಿಯಬೇಕು. ಎಷ್ಟೋ ಗಾಡಿಗಳಿಗೆ ಇಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ರಿಲೇ ಅಳವಡಿಸಬೇಕು. ಡಿಪ್ ಬೆಳಕಿಗೆ ಒಂದು, ದೂರದ ಬೆಳಕಿಗೆ ಒಂದು. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಕಳಚಿಟ್ಟು ಕೆಲಸ ಆರಂಭಿಸಬೇಕು. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಜಿನ ಮೂಲಕ 2.5 ಚದರ ಮಿ.ಮೀ. ತಾಮ್ರದ ವೈರನ್ನು ರಿಲೇಯ 30ನೆಯ ಕಾಲಿಗೂ, 87ನೆಯ ಕಾಲಿನಿಂದ ಬಲ್ಬಿಗೂ ಎಳೆಯಬೇಕು. 85 ಮತ್ತು 86ರ ಪೈಕಿ ಒಂದಕ್ಕೆ ಹಳೆಯ ಸ್ವಿಚ್ಚಿನ ವೈರು, ಇನ್ನೊಂದಕ್ಕೆ ಅರ್ಥಿಂಗ್. ಫ್ಯೂಜು ಬ್ಯಾಟರಿಯ ಹತ್ತಿರವೇ ಇರಲಿ. 24 ವೋಲ್ಟಿನ ಲಾರಿಗೆ 24 ವೋಲ್ಟಿನದೇ ರಿಲೇ ಮತ್ತು ಬಲ್ಬು ಬೇಕು.

ಒಳಗಿನ ಕನ್ನಡಿ ಕಪ್ಪಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಬೇಕು. ಹ್ಯಾಲೊಜನ್ ದೀಪದ ಕನ್ನಡಿಗೆ ಅಗ್ಗದ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣು ಕುಕ್ಕುತ್ತದೆ.

ಕೊನೆಗೆ ದೀಪದ ಕೋನ. ಇದನ್ನು ಖಾಲಿ ಲಾರಿಯಲ್ಲಿ ಹೊಂದಿಸಬಾರದು. ಹೇರಿದ ಮೇಲೆ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಬೆಳಕು ಮರದ ತುದಿಗೆ ಬೀಳುತ್ತದೆ. ಕಬ್ಬು ತುಂಬಿದ ಲಾರಿಯನ್ನು ಸಮತಟ್ಟು ನೆಲದಲ್ಲಿ ಗೋಡೆಗೆ 10 ಮೀಟರು ದೂರ ನಿಲ್ಲಿಸಿ, ಡಿಪ್ ಬೆಳಕಿನ ಮೇಲಂಚು ದೀಪದ ನಡುವಿನ ಎತ್ತರಕ್ಕಿಂತ 10 ಸೆಂ.ಮೀ. ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಬೇಕು.