ಐದು ಸುತ್ತು ಇಂಟರ್‌ವ್ಯೂ, ಆಮೇಲೆ ಆನ್‌ಕಾಲ್

ಚೆನ್ನೈನ ಓ.ಎಂ.ಆರ್. ರಸ್ತೆಗೆ ಸರ್ಕಾರಿ ಹೆಸರು ರಾಜೀವ್ ಗಾಂಧಿ ಸಾಲೈ. 2000ನೇ ಇಸವಿಯಲ್ಲಿ ತರಮಣಿಯ ಟೈಡಲ್ ಪಾರ್ಕ್ ಶುರುವಾದ ಮೇಲೆ ಪೆರುಂಗುಡಿ, ಶೋಲಿಂಗನಲ್ಲೂರು, ಸಿರುಸೇರಿ ತನಕ ಗಾಜಿನ ಕಟ್ಟಡಗಳು ಎದ್ದು ನಿಂತಿವೆ. ನಮ್ಮವರೂ ಇಲ್ಲಿ ಬೇಕಾದಷ್ಟಿದ್ದಾರೆ. ಲಿಫ್ಟಿನಲ್ಲಿ ಯಾರಾದರೂ ಫೋನಿಗೆ "ಊಟ ಆಯ್ತಾ ಅಮ್ಮ" ಅಂದರೆ ಸಾಕು, ಪರಿಚಯ ಆದಂತೆಯೇ. ಅವರ ಎರಡನೇ ಮಾತು ಮಾತ್ರ ಯಾವಾಗಲೂ ಒಂದೇ: "ನಿಮ್ಮಲ್ಲಿ ಇಂಟರ್‌ವ್ಯೂ ಹೇಗಿರತ್ತೆ ಸಾರ್?" ಅದಕ್ಕೇ ಈ ಬರಹ. ಕಂಪನಿಯ ಹೆಸರು ಹೇಳುವುದಿಲ್ಲ, ಇನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ!

ಮೊದಲು ಆನ್‌ಲೈನ್ ಟೆಸ್ಟ್. ಆಮೇಲೆ ಎರಡು ಕೋಡಿಂಗ್ ಸುತ್ತು, ಒಂದು ಸಿಸ್ಟಮ್ ಡಿಸೈನ್, ಕೊನೆಗೆ ನಡವಳಿಕೆಯ ಸುತ್ತು. ಕೋಡಿಂಗ್‌ನಲ್ಲಿ ಎಲ್ಲ ಕಡೆಯೂ ಕೇಳುವ ಒಂದು ಪ್ರಶ್ನೆ ಎಲ್.ಆರ್.ಯು. ಕ್ಯಾಶ್. ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಯಾರೂ ಮುಟ್ಟದ ವಸ್ತುವನ್ನು ಹೊರಗೆ ಹಾಕಬೇಕು, ಹುಡುಕುವುದೂ ಸೇರಿಸುವುದೂ ತಕ್ಷಣ ಆಗಬೇಕು. ಹ್ಯಾಶ್ ಮ್ಯಾಪ್ ಜೊತೆಗೆ ಎರಡೂ ಕಡೆ ಕೊಂಡಿಯಿರುವ ಲಿಂಕ್ಡ್ ಲಿಸ್ಟ್ ಸೇರಿಸಿದರೆ ಉತ್ತರ ಸಿಕ್ಕಿತು. ಮೊದಲೇ ಅಭ್ಯಾಸ ಮಾಡಿದವರು 20 ನಿಮಿಷದಲ್ಲಿ ಬರೆಯುತ್ತಾರೆ, ಮೊದಲ ಸಲ ನೋಡಿದವರು 45 ನಿಮಿಷವೂ ಬೆವರುತ್ತಾರೆ. ಕೆಲಸದಲ್ಲಿ ನಾನು ಇದನ್ನು ಒಮ್ಮೆಯೂ ಕೈಯಾರೆ ಬರೆದಿಲ್ಲ. ಜಾವಾದಲ್ಲಿ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಇದೆ, ಪೈಥಾನ್‌ನಲ್ಲಿ ಒಂದು ಸಾಲು ಸಾಕು. ಮ್ಯಾಕ್ ಬಳಸುವ ಪ್ರೋಗ್ರಾಮರ್‌ಗಳಿಗೆಲ್ಲ ಗೊತ್ತಿರುವ ಹೋಮ್‌ಬ್ರೂ ತಂತ್ರಾಂಶವನ್ನು ಬರೆದ ಮ್ಯಾಕ್ಸ್ ಹೊವೆಲ್, ಬೋರ್ಡಿನ ಮೇಲೆ ಬೈನರಿ ಟ್ರೀ ತಿರುಗಿಸಲು ಬಾರದ್ದಕ್ಕೆ ಗೂಗಲ್ ತನ್ನನ್ನು ಬೇಡವೆಂದಿತು ಅಂತ 2015ರಲ್ಲಿ ಟ್ವಿಟರ್‌ನಲ್ಲಿ ಬರೆದುಕೊಂಡಿದ್ದರು.

ಕಳೆದ ವರ್ಷ ತುಮಕೂರು ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಏಳು ವರ್ಷ ಸಪೋರ್ಟ್ ಪ್ರಾಜೆಕ್ಟ್‌ನಲ್ಲಿ ದುಡಿದವಳು. ಕೋಡಿಂಗ್ ನಿಧಾನ, ನಿಜ. ಆದರೆ ರಾತ್ರಿ ಎರಡಕ್ಕೆ ಡೇಟಾಬೇಸ್ ಕುಸಿದ ಕತೆ ಹೇಳಿದಳು ನೋಡಿ! ಉತ್ತರ ಬಾರದ ಕೋರಿಕೆಗಳನ್ನು ಪ್ರೋಗ್ರಾಮ್ ಮತ್ತೆ ಮತ್ತೆ ಕಳಿಸುತ್ತಿತ್ತು, ಅದರಿಂದಲೇ ಕನೆಕ್ಷನ್ ಎಲ್ಲ ಮುಗಿದವು, ರೀಸ್ಟಾರ್ಟ್ ಮಾಡಿದಷ್ಟೂ ಕೆಟ್ಟಿತು, ಕೊನೆಗೆ ಮರುಪ್ರಯತ್ನದ ನಡುವೆ ಅಂತರ ಹೆಚ್ಚಿಸಿದ ಮೇಲೆ ನಿಂತಿತು. ನಮ್ಮ ತಂಡದಲ್ಲಿ ಅದನ್ನು ಅಷ್ಟು ಬೇಗ ಹಿಡಿಯುವವರು ಇಬ್ಬರಿದ್ದರೆ ಹೆಚ್ಚು. ಮರುದಿನದ ಚರ್ಚೆಯಲ್ಲಿ ಅವಳ ಪರ ವಾದಿಸಿದೆ. ಐವರಲ್ಲಿ ಮೂವರು ಬೇಡ ಅಂದರು. ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಿ ಅನ್ನುವ ಮಾಮೂಲಿ ಮೇಲ್ ಹೋಯಿತು.

ಯಾಕೆ ಬೇಸರವೆಂದರೆ, ಒಳಗೆ ಬಂದ ಮೇಲೆ ಬೇಕಾಗುವುದು ಅವಳಿಗೆ ಗೊತ್ತಿದ್ದ ಆ ವಿದ್ಯೆಯೇ. ಸರದಿಯ ವಾರ ಪೂರ್ತಿ ಆನ್‌ಕಾಲ್. ಅಲರ್ಟ್ ಬಂದ 15 ನಿಮಿಷದೊಳಗೆ ಲ್ಯಾಪ್‌ಟಾಪ್ ತೆರೆದಿರಬೇಕು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚೇರಿ, ಪಳ್ಳಿಕರಣೈ ಮುಳುಗಿದಾಗ ಸರದಿ ನನ್ನದಿತ್ತು. ಹಾಗೆ ನೋಡಿದರೆ ಪಳ್ಳಿಕರಣೈ ಜೌಗು ಪ್ರದೇಶವೇ, 2022ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ್ದು. ನೀರು ತನ್ನ ಜಾಗಕ್ಕೆ ತಾನು ಬಂತು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಮೆಟ್ಟಿಲ ಕೆಳಗೆ ಮೊಣಕಾಲು ಮಟ್ಟ ನೀರು. ಹೇಗೋ ಬಂದ ಒಂದು ಮೆಸೇಜ್: "ನೆಟ್‌ವರ್ಕ್ ಇರುವ ಕಡೆ ಹೋಗಲಿಕ್ಕೆ ಆಗುತ್ತಾ?" ಬೆಂಗಳೂರಿನ ಸಹೋದ್ಯೋಗಿಯೊಬ್ಬ ಯಾರೂ ಕೇಳದೆಯೇ ನನ್ನ ಸರದಿ ವಹಿಸಿಕೊಂಡ. ಪುಣ್ಯಾತ್ಮ.

ಇಂಥದ್ದನ್ನು ಪ್ರಶ್ನಿಸಬಹುದೇ? 2014ರ ಕೊನೆಗೆ ಟಿ.ಸಿ.ಎಸ್.ನಲ್ಲಿ ಕೆಲಸದಿಂದ ತೆಗೆಯುವುದು ಶುರುವಾದಾಗ ಚೆನ್ನೈನ ಗರ್ಭಿಣಿ ಉದ್ಯೋಗಿಯೊಬ್ಬರು ಮದ್ರಾಸ್ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. 2016ರಲ್ಲಿ ತಮಿಳುನಾಡು ಸರ್ಕಾರ, ಐ.ಟಿ.ಯವರು ಸಂಘ ಕಟ್ಟಲು ಅಡ್ಡಿಯಿಲ್ಲ ಅಂತ ಸ್ಪಷ್ಟಪಡಿಸಿತು. ಆದರೂ ನಮ್ಮ ಮಹಡಿಯಲ್ಲಿ ಆ ಮಾತೆತ್ತಿದರೆ ಎಲ್ಲರೂ ಕಾಫಿ ಮೆಷಿನ್ ಕಡೆ ನೋಡುತ್ತಾರೆ.

ಇಂಟರ್‌ವ್ಯೂ ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯಾ" ಅಂತ ನಾವು ಕೇಳುತ್ತೇವಲ್ಲ, ಆಗ ಸುಮ್ಮನೆ ತಲೆಯಾಡಿಸಬೇಡಿ. ಆನ್‌ಕಾಲ್‌ನಲ್ಲಿ ಎಷ್ಟು ಜನ, ಹೋದ ತಿಂಗಳು ರಾತ್ರಿ ಎಷ್ಟು ಸಲ ಫೋನ್ ಬಂತು, ಮರುದಿನ ಬೆಳಿಗ್ಗೆ ರಜೆ ಕೊಡುತ್ತಾರಾ ಅಂತ ಕೇಳಿ. ನಮ್ಮ ತಂಡದ ಲೆಕ್ಕ ಈಗಲೇ ಕೊಡುತ್ತೇನೆ: 6 ಜನ, 11 ಸಲ, ರಜೆ ಇಲ್ಲ.