ಸುತ್ತಿಗೆಗೆ ಮಣಿಯದ ಗಿಯರ್

ಮುಂಬಯಿಯಿಂದ ಹೊರಟು ದೇಶದ ಮೂಲೆಮೂಲೆಯನ್ನು ಮುಟ್ಟಿದ ವಾಹನಗಳಲ್ಲಿ ಜೀಪಿಗೆ ಹಿರಿಯ ಸ್ಥಾನವುಂಟು. ಇಲ್ಲಿನ ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಬಂದ ಸಿಜೆ-3ಬಿ ಮಾದರಿಯ 2,199 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ಬಿಚ್ಚಿ ಕಟ್ಟುವವರು ಇಂದಿಗೂ ಇದ್ದಾರೆ. ಅವರಲ್ಲಿ ನಮ್ಮ ಕನ್ನಡಿಗರೂ ಸೇರಿದ್ದಾರೆ.

ಈಚೆಗೆ ನಗರದ ಗ್ಯಾರೇಜೊಂದರಲ್ಲಿ ನಮ್ಮ ನಾಡಿನ ತರುಣನೊಬ್ಬನು, ಸಂಜೆಯೊಳಗೆ ಕೆಲಸ ಮುಗಿಯಬೇಕೆಂಬ ಧಣಿಗಳ ಅವಸರಕ್ಕೆ ಸಿಕ್ಕಿ, ಕ್ರ್ಯಾಂಕ್ ಶಾಫ್ಟಿಗೆ ಕಚ್ಚಿಕೊಂಡಿದ್ದ ಟೈಮಿಂಗ್ ಗಿಯರಿಗೆ ಸುತ್ತಿಗೆಯಿಂದ ಹೊಡೆದನು. ಗಿಯರ್ ಅಲುಗಲಿಲ್ಲ, ಅದರ ಹಲ್ಲೊಂದು ಮುರಿಯಿತು. ಬೆಲೆಯನ್ನು ಅವನ ಸಂಬಳದಲ್ಲಿ ಕಳೆದರೆಂದು ಕೇಳಿ ನಮಗೆ ವ್ಯಥೆಯಾಯಿತು. ಅಂಥ ತರುಣರಿಗಾಗಿ, ಬಲ್ಲವರಿಂದ ಕೇಳಿ ತಿಳಿದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿನ ಸಣ್ಣ ಗಿಯರ್ ಕ್ಯಾಮ್ ಶಾಫ್ಟಿನ ದೊಡ್ಡ ಗಿಯರನ್ನು ನೇರವಾಗಿ ತಿರುಗಿಸುತ್ತದೆ. ದೊಡ್ಡದರ ಹಲ್ಲುಗಳು ಸಣ್ಣದರ ಎರಡರಷ್ಟು. ಆದುದರಿಂದ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ವಾಲ್ವುಗಳು ತಕ್ಕ ಸಮಯಕ್ಕೆ ತೆರೆದು ಮುಚ್ಚುತ್ತವೆ. ಬಿಚ್ಚುವ ಮೊದಲೇ ಎರಡೂ ಗಿಯರುಗಳ ಮೇಲಿನ ಗುರುತುಗಳನ್ನು ಎದುರುಬದುರಾಗಿ ತಂದು ನೋಡಿಕೊಳ್ಳತಕ್ಕದ್ದು. ಮರುಜೋಡಣೆಯಲ್ಲಿ ಒಂದು ಹಲ್ಲು ತಪ್ಪಿದರೂ ಎಂಜಿನ್ನಿನ ಬಲ ಕುಗ್ಗುವುದು.

ಸಣ್ಣ ಗಿಯರ್ ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿರುತ್ತದೆ. ಜಾರದಂತೆ ಅರ್ಧಚಂದ್ರಾಕಾರದ ಕೀ ಅದನ್ನು ಹಿಡಿದಿರುತ್ತದೆ. ವರುಷಗಳ ತುಕ್ಕು ಸೇರಿದರೆ ಆ ಬಿಗಿ ಇಮ್ಮಡಿಯಾಗುತ್ತದೆ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಂದಿಗೆ ಬಿಟ್ಟು ಒಂದು ರಾತ್ರಿ ಕಾಯುವುದು ಮೊದಲ ಉಪಾಯ. ಮರುದಿನ ಪುಲ್ಲರಿನ ಕೊಕ್ಕೆಗಳನ್ನು ಹಲ್ಲುಗಳ ತುದಿಗಲ್ಲದೆ ಗಿಯರಿನ ಹಿಂಬದಿಗೆ ಸಮನಾಗಿ ತೊಡಿಸಬೇಕು. ಶಾಫ್ಟಿನ ತುದಿ ಕೆಡದಂತೆ ಹಿತ್ತಾಳೆಯ ತುಂಡೊಂದನ್ನು ಅಡ್ಡವಿಟ್ಟು, ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಸನ್ನೆಕೋಲಿನಿಂದ ಎಬ್ಬಲು ಹೋದರೆ ಹಿಂದಿನ ಭಾಗಗಳಿಗೆ ಹಾನಿ ತಪ್ಪದು.

ಆದರೂ ಬಾರದಿದ್ದರೆ ಶಾಖದ ನೆರವು ಬೇಕು. ಒಂದರೊಳಗೊಂದು ಸಿಕ್ಕಿಬಿದ್ದ ಲೋಟಗಳನ್ನು ಬಿಡಿಸಲು ಹೋಟೆಲಿನ ಹುಡುಗರು ಹೊರಲೋಟವನ್ನು ಬಿಸಿನೀರಿನಲ್ಲಿ ಅದ್ದಿ, ಒಳಲೋಟಕ್ಕೆ ತಣ್ಣೀರು ಸುರಿಯುತ್ತಾರಲ್ಲವೆ? ನ್ಯಾಯ ಅದೇ. 40 ಮಿಲಿಮೀಟರ್ ಅಗಲದ ಉಕ್ಕಿನ ರಂಧ್ರವು 100 ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಕಾದರೆ ಸುಮಾರು 0.05 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಬಿಗಿ ಸಡಿಲಲು ಅಷ್ಟು ಸಾಕಾಗಬಹುದು. ಎಂಜಿನ್ನನ್ನು ವಾಹನದಿಂದ ಇಳಿಸಿ, ಎಣ್ಣೆಯನ್ನು ಚೆನ್ನಾಗಿ ಒರೆಸಿ, ಪೆಟ್ರೋಲನ್ನು ದೂರವಿರಿಸಿದ ಮೇಲೆಯೇ ಬೆಂಕಿ ಹಚ್ಚಬೇಕು. ಗಿಯರಿನ ಸುತ್ತಲೂ ಬೇಗನೆ ಕಾಯಿಸಬೇಕು. ಕೆಂಪೇರುವಷ್ಟು ಕಾಯಿಸಿದರೆ ಉಕ್ಕಿನ ಗಡಸು ಹೋಗುವುದು. ಕ್ಯಾಮಿನ ಗಿಯರ್ ಫೈಬರಿನದಾಗಿದ್ದರೆ ಅದಕ್ಕೆ ಜ್ವಾಲೆ ಸೋಕಲೇಬಾರದು.

ಗಿಯರ್ ಹೊರಬಂದಾಗ ಸಂತೋಷದಲ್ಲಿ ಮೈಮರೆಯಬಾರದು. ಅದರ ಹಿಂದಿರುವ ಥ್ರಸ್ಟ್ ವಾಷರನ್ನೂ ತೆಳುವಾದ ಶಿಮ್ಮುಗಳನ್ನೂ ಕೀಯನ್ನೂ ಜೋಪಾನವಾಗಿ ಎತ್ತಿಡಬೇಕು. ಕ್ರ್ಯಾಂಕ್ ಶಾಫ್ಟಿನ ಹಿಂದುಮುಂದಿನ ಸಡಿಲು 0.004ರಿಂದ 0.006 ಅಂಗುಲದೊಳಗೆ ಇರುವಂತೆ ನೋಡಿಕೊಳ್ಳುವುದು ಆ ಶಿಮ್ಮುಗಳೇ. ಕಸವೆಂದು ಗುಡಿಸಿದರೆ ಮುಂದೆ ಬೇರಿಂಗಿಗೆ ಕೇಡು.

ಗ್ಯಾರೇಜಿನ ಧಣಿಗಳಿಗೂ ನಮ್ಮದೊಂದು ಬಿನ್ನಹ. ಒಳ್ಳೆಯ ಪುಲ್ಲರಿನ ಬೆಲೆ ಒಂದು ಕ್ರ್ಯಾಂಕ್ ಶಾಫ್ಟಿನ ಬೆಲೆಗಿಂತ ಬಹಳ ಕಡಿಮೆ. ಉಪಕರಣವನ್ನೂ ಸಮಯವನ್ನೂ ಕೊಡದೆ, ಮುರಿದ ಹಲ್ಲಿನ ದಂಡವನ್ನು ಮಾತ್ರ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಊರು ಬಿಟ್ಟು ಬಂದು, ತಿಂಗಳ ಸಂಬಳದಲ್ಲಿ ಅರ್ಧವನ್ನು ತಾಯಿತಂದೆಗೆ ಕಳುಹಿಸುವವರಿಗೆ ಕೆಲಸದ ಕ್ರಮವನ್ನು ಕಲಿಸುವುದೂ ಧಣಿತನದ ಭಾಗವೇ ಎಂದು ನಾವು ತಿಳಿಯುತ್ತೇವೆ.