ಸೂಜಿ ತೆಗೆದ ಮೇಲೆ ಮುಖಕ್ಕೆ ಏನು ಹಚ್ಚಬೇಕು?

ಗದಗಿನಿಂದ ಮುಳಗುಂದದ ದಾರಿ ಹಿಡಿದರೆ ಮಲ್ಲಸಮುದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸಿಗುತ್ತದೆ, ಜನರ ಬಾಯಲ್ಲಿ ‘ಜಿಮ್ಸ್’. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯವರಿಗೂ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಇದೇ. ಆದರೆ ಗದ್ದದ ಮೇಲೆ, ತುಟಿಯ ಮೇಲೆ ದಪ್ಪ ಕೂದಲು ಬಂದ ಹೆಣ್ಣುಮಕ್ಕಳು ಮೊದಲು ಆಸ್ಪತ್ರೆಗೆ ಹೋಗುವುದು ಅಪರೂಪ. ಮೊದಲು ಚಿಮಟಿಗೆ, ಆಮೇಲೆ ದಾರ, ಆಮೇಲೆ ವ್ಯಾಕ್ಸ್. ವರ್ಷಗಟ್ಟಲೆ ಕಿತ್ತು ಸಾಕಾದ ಮೇಲೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಎಲೆಕ್ಟ್ರಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಕೆಂಪಾದ ಮುಖ ಹೊತ್ತು ಮನೆಗೆ ಬಂದ ಕೂಡಲೇ ಸಲಹೆಗಳ ಸುರಿಮಳೆ. ‘ಅರಿಶಿಣ ಹಚ್ಚು’, ‘ಲಿಂಬಿರಸ ಹಚ್ಚು’, ‘ಮೆಡಿಕಲ್ ಶಾಪಿನ್ಯಾಗ ಒಂದು ಟ್ಯೂಬ್ ಸಿಗತೈತಿ, ತಗೊಂಬಾ’. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಹಾಗಿದ್ದೂ ಮುಖದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಗೆ ಎಷ್ಟೋ ಸಲ ಹೀಗೆ ಹಚ್ಚಿದ್ದೇ ಕಾರಣ.

‘ಕರೆಂಟ್ ಕೊಟ್ಟು ಚರ್ಮ ಸುಡ್ತಾರ’ ಎಂಬ ಭಯದಿಂದಲೇ ಶುರು ಮಾಡೋಣ. ಎಲೆಕ್ಟ್ರಾಲಿಸಿಸ್‌ನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಸೂಜಿಯನ್ನು ಕೂದಲು ಹೊರಬರುವ ರಂಧ್ರದೊಳಗೇ ಇಳಿಸುತ್ತಾರೆ. ಹಳೆಯ ವಿಧಾನದಲ್ಲಿ ನೇರ ವಿದ್ಯುತ್ ಹರಿದು, ಅಲ್ಲಿರುವ ಉಪ್ಪು ಮತ್ತು ನೀರಿನಿಂದ ಸ್ವಲ್ಪ ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ಬೇರನ್ನು ನಾಶ ಮಾಡುವುದು ಅದು. ಇನ್ನೊಂದು ವಿಧಾನದಲ್ಲಿ ಅಧಿಕ ಆವರ್ತನದ ವಿದ್ಯುತ್ತಿನಿಂದ ಹುಟ್ಟುವ ಶಾಖ ಆ ಕೆಲಸ ಮಾಡುತ್ತದೆ. ಎರಡನ್ನೂ ಕೂಡಿಸಿದ್ದಕ್ಕೆ ಬ್ಲೆಂಡ್ ಎನ್ನುತ್ತಾರೆ. ಇದು ನಿನ್ನೆ ಮೊನ್ನೆಯ ಪಾರ್ಲರ್ ವಿದ್ಯೆಯೂ ಅಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್, ಒಳಮುಖವಾಗಿ ಬೆಳೆದು ಕಣ್ಣುಗುಡ್ಡೆಗೆ ಚುಚ್ಚುವ ರೆಪ್ಪೆಗೂದಲನ್ನು ಹೀಗೆ ತೆಗೆಯುವ ಬಗೆಯನ್ನು 1875ರಲ್ಲೇ ಪ್ರಕಟಿಸಿದ್ದರು.

ಪೆಟ್ಟು ಬೀಳುವುದು ಚರ್ಮದ ಕೆಳಗೆ, ಕೆಲವು ಮಿಲಿಮೀಟರ್ ಆಳದಲ್ಲಿ. ಮೇಲೆ ಕಾಣುವುದು ಅದರ ಪ್ರತಿಕ್ರಿಯೆ ಮಾತ್ರ. ಕೆಲವು ತಾಸಿನಿಂದ ಒಂದೆರಡು ದಿನದವರೆಗೆ ಕೆಂಪು, ಸಣ್ಣ ಬಾವು, ಬಿಸಿಲಿಗೆ ಸುಟ್ಟಂಥ ಉರಿ ಇರಬಹುದು. ‘ಕೆಂಪಾಗೈತಿ ಅಂದ್ರ ಕೆಟ್ಟೈತಿ’ ಎಂದು ಗಾಬರಿಯಾಗಬೇಕಿಲ್ಲ. ಸ್ವಚ್ಛ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಐದಾರು ನಿಮಿಷ ಇಟ್ಟು ತೆಗೆದರೆ ಉರಿ ಇಳಿಯುತ್ತದೆ. ಬರಿಯ ಮಂಜುಗಡ್ಡೆಯನ್ನು ಮುಖಕ್ಕೆ ತಿಕ್ಕಬಾರದು.

ಎರಡು ಮೂರನೇ ದಿನಕ್ಕೆ ಕೆಲವರಿಗೆ ಗಸಗಸೆಯಷ್ಟು ಸಣ್ಣ ಹಕ್ಕಳೆಗಳು ಕಟ್ಟುತ್ತವೆ. ಕನ್ನಡಿಯ ಮುಂದೆ ನಿಂತಾಗ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ‘ಕಿತ್ತು ತೆಗೆದರ ಲಗೂನ ಮಾಯ್ತದ’ ಎಂಬ ನಂಬಿಕೆ ಬೇರೆ. ಹಕ್ಕಳೆಯ ಕೆಳಗೆ ಹೊಸ ಚರ್ಮ ಕೂಡಿಕೊಳ್ಳುತ್ತಿರುತ್ತದೆ. ಕಿತ್ತರೆ ಅದೂ ಹರಿದು ಬರುತ್ತದೆ, ಉಗುರಿನ ಕೊಳೆ ಒಳಗೆ ಹೋಗುತ್ತದೆ, ಕುಳಿಯೋ ಕಲೆಯೋ ಉಳಿಯುತ್ತದೆ. ಬಿಟ್ಟರೆ ಒಂದು ವಾರದ ಆಸುಪಾಸಿನಲ್ಲಿ ಹಕ್ಕಳೆ ತಾನಾಗಿಯೇ ಉದುರುತ್ತದೆ. ಮೊದಲ ಒಂದೆರಡು ದಿನವಂತೂ ಮುಖ ಮುಟ್ಟದಿರುವುದೇ ದೊಡ್ಡ ಆರೈಕೆ. ಬೆಟಗೇರಿ, ಗದಗಿನ ಮೆಣಸಿನಕಾಯಿ ವ್ಯಾಪಾರದ ಕಾಲದಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಖಾರದ ಅಂಶ ಬರೀ ನೀರಿನಲ್ಲಿ ಕರಗುವುದಿಲ್ಲ, ತೊಳೆದ ಬೆರಳಿನಲ್ಲೂ ಉಳಿದಿರುತ್ತದೆ. ಸಿಟಿಂಗ್ ಮುಗಿದ ಮರುದಿನ ಆ ಕೆಲಸಕ್ಕೆ ಹೋಗದಿದ್ದರೆ ಒಳ್ಳೆಯದು.

ಇನ್ನು ಅಡುಗೆಮನೆಯ ಔಷಧಗಳು. ‘ಅರಿಶಿಣ ನಂಜು ತೆಗಿತದ’ ಎಂಬ ಮಾತಿಗೆ ನಮ್ಮಲ್ಲಿ ಎದುರಾಡುವವರಿಲ್ಲ. ಪ್ರಯೋಗಾಲಯದಲ್ಲಿ ಅರಿಶಿಣಕ್ಕೆ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಕಂಡಿರುವುದು ನಿಜ. ಆದರೆ ಡಬ್ಬಿಯಲ್ಲಿರುವ ಪುಡಿ ರೋಗಾಣುಮುಕ್ತವಲ್ಲ, ಅದರಲ್ಲಿ ಬಣ್ಣದ ಕಲಬೆರಕೆಯೂ ಇರಬಹುದು, ಅರಿಶಿಣಕ್ಕೇ ಅಲರ್ಜಿಯಾಗಿ ಚರ್ಮ ತುರಿಸಿ ಕಪ್ಪಾದವರೂ ಇದ್ದಾರೆ. ನೂರಾರು ರಂಧ್ರಗಳು ಆಗಷ್ಟೇ ಪೆಟ್ಟು ತಿಂದಿರುವ ಮುಖದ ಮೇಲೆ ಅದನ್ನು ಬಳಿಯುವುದು ಬೇಡ.

ಲಿಂಬಿರಸ ಇನ್ನೂ ಅಪಾಯಕಾರಿ. ‘ಕಲೆ ಬೀಳೂದಿಲ್ಲ, ಬೆಳ್ಳಗಾಗತೈತಿ’ ಎಂದು ಕಡಲೆಹಿಟ್ಟಿನೊಳಗೆ ಹಿಂಡಿ ಹಚ್ಚುತ್ತಾರೆ. ಲಿಂಬೆಯಲ್ಲಿ ಬಿಸಿಲಿಗೆ ಒಡ್ಡಿದಾಗ ಚರ್ಮವನ್ನು ಸುಡುವ ರಾಸಾಯನಿಕಗಳಿವೆ. ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಗುಳ್ಳೆ ಎದ್ದು, ಅದು ಆರಿದ ಮೇಲೆ ಗಾಢ ಕಂದು ಪಟ್ಟೆ ಬೀಳುತ್ತದೆ. ಕಲೆ ಬಾರದಿರಲಿ ಎಂದು ಹಚ್ಚಿದ್ದೇ ಕಲೆ ತರುತ್ತದೆ.

ಲೋಳೆಸರದ ವಿಷಯದಲ್ಲಿ ಅರ್ಧ ಸತ್ಯವಿದೆ. ಅದರ ತಿಳಿ ಲೋಳೆ ತಂಪು ಕೊಡುತ್ತದೆ. ಆದರೆ ಹಿತ್ತಲಿನ ಎಲೆ ಮುರಿದ ಕೂಡಲೇ ಸಿಪ್ಪೆಯ ಅಡಿಯಿಂದ ಹಳದಿ ರಸ ಜಿನುಗುತ್ತದೆ, ಗಮನಿಸಿ ನೋಡಿ. ಅದು ಚರ್ಮಕ್ಕೆ ತುರಿಕೆ ತರುತ್ತದೆ. ಸುವಾಸನೆ ಬೆರೆಸದ ಪ್ಯಾಕೆಟ್ ಜೆಲ್ ಸಿಕ್ಕರೆ ಅದೇ ಲೇಸು. ಡೆಟಾಲ್‌ನಂಥ ಆಂಟಿಸೆಪ್ಟಿಕ್ ದ್ರವವನ್ನು ನೀರು ಬೆರೆಸದೆ ಹಚ್ಚುವುದು, ಟೂತ್‌ಪೇಸ್ಟ್ ಬಳಿಯುವುದು ಇವೆರಡೂ ಉರಿಯ ಮೇಲೆ ಉರಿ.

ಎಲ್ಲಕ್ಕಿಂತ ಹೆಚ್ಚು ಕಳವಳ ಆಗುವುದು ಆ ಟ್ಯೂಬಿನ ಬಗ್ಗೆ. ಚೀಟಿಯಿಲ್ಲದೆ ಕೇಳಿ ತರುವ ‘ಬೆಳ್ಳಗಾಗುವ ಕ್ರೀಮ್’, ‘ಕೆಂಪು ಹೋಗುವ ಕ್ರೀಮ್’ ಎಷ್ಟೋ ಸಲ ಸ್ಟಿರಾಯ್ಡ್ ಆಗಿರುತ್ತದೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂದು ಬರೆದಿರುತ್ತದೆ, ಓದಿ ನೋಡಿ. ಹಚ್ಚಿದ ರಾತ್ರಿಯೇ ಕೆಂಪು ಇಳಿಯುತ್ತದೆ, ಅದಕ್ಕೇ ಜನ ಮರುಳಾಗುತ್ತಾರೆ. ವಾರ, ತಿಂಗಳು ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ತುಂಬುತ್ತವೆ, ಬಿಟ್ಟ ಕೂಡಲೇ ಮುಖ ಉರಿಯುತ್ತದೆ. ಇಷ್ಟೇ ಅಲ್ಲ, ಮುಖಕ್ಕೆ ಹಚ್ಚಿದ ಸ್ಟಿರಾಯ್ಡ್ ಅಲ್ಲೇ ಹೊಸ ಕೂದಲನ್ನೂ ಬೆಳೆಸಬಲ್ಲದು. ಕೂದಲು ತೆಗೆಸಲು ಸಾವಿರಾರು ರೂಪಾಯಿ ಕೊಟ್ಟವರು ಕೂದಲು ಬೆಳೆಸುವ ಕ್ರೀಮು ಹಚ್ಚಿಕೊಳ್ಳುವುದನ್ನು ನೆನೆದರೆ ಸಂಕಟವಾಗುತ್ತದೆ. ಭಾರತದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಗೆಂದು ಬಂದ 2926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಲೇಪನ ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ವೈದ್ಯರು ನೋಡಿ ಒಂದೆರಡು ದಿನಕ್ಕೆಂದು ಬರೆದುಕೊಟ್ಟರೆ ಅದು ಬೇರೆ ಮಾತು. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ಸಂಕೋಚಪಡದೆ ಚರ್ಮದ ಒಪಿಡಿಗೆ ಟ್ಯೂಬ್ ಸಮೇತ ಹೋಗಿ ತೋರಿಸಬೇಕು.

‘ಸನ್‌ಸ್ಕ್ರೀನ್ ಬೆಳ್ಳಗಿದ್ದವರಿಗೆ, ನಮ್ಮ ಬಣ್ಣಕ್ಕ ಯಾಕ’ ಎನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ನಮ್ಮ ಕಂದು ಚರ್ಮ ಬಿಸಿಲನ್ನು ತಾಳುತ್ತದೆ, ಆದರೆ ಪೆಟ್ಟಾದ ಜಾಗದಲ್ಲಿ ಬಣ್ಣದ ಕೋಶಗಳು ಬೇಗ ಕೆರಳುವುದೂ ನಮ್ಮಂಥ ಚರ್ಮದಲ್ಲೇ. ಏಪ್ರಿಲ್, ಮೇ ತಿಂಗಳ ಗದಗಿನ ಬಿಸಿಲು ಬಿದ್ದರೆ ಅಲ್ಲಿ ಮೂಡುವ ಕಪ್ಪು ಚುಕ್ಕೆಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಮೊದಲ ದಿನ ನೆರಳಿನಲ್ಲಿರಿ. ಆಮೇಲೆ ಝಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ ಹೊರಬೀಳಿ. ಬೆವರು ಒರೆಸಿದ ಸೆರಗನ್ನೇ ಮುಖಕ್ಕೆ ಸುತ್ತಿಕೊಂಡರೆ ಅದು ಗದ್ದಕ್ಕೆ ತಿಕ್ಕಿ ಕೆಡುಕೇ ಹೆಚ್ಚು. ಒಗೆದ ತೆಳು ಹತ್ತಿಬಟ್ಟೆ ಸಾಕು. ಬಿಸಿನೀರು, ಮೇಕಪ್, ಬೆವರಿಳಿಸುವ ದುಡಿಮೆ ಒಂದು ದಿನ ದೂರವಿರಲಿ. ಬೋರ್‌ವೆಲ್ಲಿನ ಸವಳು ನೀರು ಚರ್ಮವನ್ನು ಬಿರುಸು ಮಾಡುವುದರಿಂದ, ಮೊದಲ ಒಂದೆರಡು ದಿನ ಕುಡಿಯಲು ತಂದ ನೀರಿನಲ್ಲಿ ಮುಖ ತೊಳೆದರೂ ಅಡ್ಡಿಯಿಲ್ಲ.

ದಿನ ಕಳೆದಂತೆ ನೋವು ಹೆಚ್ಚಾದರೆ, ಕೀವು ಬಂದರೆ, ಕೆಂಪು ಹಬ್ಬುತ್ತ ಹೋದರೆ, ಜ್ವರ ಬಂದರೆ ಕಾಯಬೇಡಿ, ವೈದ್ಯರನ್ನು ಕಾಣಿ. ಗಾಯ ಮಾಯ್ದ ಜಾಗ ಗಂಟುಗಟ್ಟಿ ಬೆಳೆಯುವ ಸ್ವಭಾವದವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಸೂಜಿ ಹಾಕುವ ಮುಂಚೆಯೇ ಅದನ್ನು ಹೇಳಬೇಕು. ‘ಸ್ಪಿರಿಟ್ ಹಚ್ಚಿ ಒರೆಸಿದರ ಸೂಜಿ ಶುದ್ಧ’ ಎನ್ನುವವರ ಹತ್ತಿರ ಕುಳಿತುಕೊಳ್ಳಬೇಡಿ. ಹೆಪಟೈಟಿಸ್ ಬಿ ವೈರಾಣುವಿಗೆ ಅಷ್ಟು ಸಾಲದು. ಹೊಸ ಸೂಜಿಯ ಪ್ಯಾಕೆಟನ್ನು ನಿಮ್ಮ ಕಣ್ಣೆದುರಿಗೆ ಒಡೆಯಲಿ.

ಎರಡು ವಾರಕ್ಕೆ ಮತ್ತೆ ಕೂದಲು ಕಂಡಾಗ ‘ರೊಕ್ಕ ಹಾಳಾತು’ ಎಂದು ಅಳುವವರಿದ್ದಾರೆ. ಕೂದಲಿಗೆ ಬೆಳೆಯುವ, ಹಿಂಜರಿಯುವ, ವಿಶ್ರಾಂತಿಯ ಹಂತಗಳಿವೆ. ಸೂಜಿ ಹಾಕಿದ ದಿನ ಚರ್ಮದೊಳಗೆ ಅಡಗಿದ್ದವು ಆಮೇಲೆ ತಲೆಯೆತ್ತುತ್ತವೆ. ಗದ್ದದಂಥ ಕಡೆ ಪೂರ್ತಿಯಾಗಲು ಒಂದು ವರ್ಷ ಮೀರಬಹುದು. ಮುಟ್ಟು ಏರುಪೇರಾಗಿ ಕೂದಲು ಹೆಚ್ಚುತ್ತಿದ್ದರೆ ಪಿಸಿಒಎಸ್‌ನಂಥ ಹಾರ್ಮೋನ್ ತೊಂದರೆ ಇರಬಹುದು. ಅದಕ್ಕೆ ಚಿಕಿತ್ಸೆಯಾಗದೆ ಸೂಜಿಯೊಂದೇ ಗೆಲ್ಲುವುದಿಲ್ಲ.

ಚಿಕಿತ್ಸೆ ಪೂರ್ತಿಯಾಗುವವರೆಗೆ ಮತ್ತೆ ಕಂಡ ಕೂದಲನ್ನು ಏನು ಮಾಡುವುದು? ಕೀಳಬಾರದು, ದಾರ ಹಾಕಿಸಬಾರದು. ಬೇರು ಕಿತ್ತುಬಂದರೆ ಸೂಜಿಗೆ ಗುರಿಯೇ ಸಿಗುವುದಿಲ್ಲ. ಬ್ಲೇಡು ಆಡಿಸಬಹುದು, ಹಕ್ಕಳೆಗಳೆಲ್ಲ ಉದುರಿದ ಮೇಲೆ. ‘ಬ್ಲೇಡು ಹಚ್ಚಿದರ ಗಡ್ಡ ಬರತೈತಿ’ ಎಂಬ ಹೆದರಿಕೆಗೆ ಆಧಾರವಿಲ್ಲ ಎಂಬುದನ್ನು ಅದೇ ಸೇಂಟ್ ಲೂಯಿಸ್‌ನಲ್ಲಿ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ 1928ರಲ್ಲೇ ಅಳೆದು ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಅನ್ನಿಸುತ್ತದೆ, ಬೇರಿಗೆ ಬ್ಲೇಡು ತಾಗುವುದೇ ಇಲ್ಲ. ಮನಸ್ಸು ಒಪ್ಪದವರು ಸಣ್ಣ ಕತ್ತರಿ ಬಳಸಲಿ. ಮುಂದಿನ ಸಿಟಿಂಗಿಗೆ ಎರಡು ಮೂರು ದಿನ ಮೊದಲು ಅದನ್ನೂ ನಿಲ್ಲಿಸಬೇಕು, ಸೂಜಿ ಹಾಕುವವರಿಗೆ ಹಿಡಿಯಲು ಕೂದಲ ತುದಿ ಬೇಕಲ್ಲ.